ಇಳಿಬೀಳುವ ಪೇಪರ್ ಡೈಸಿ: ಎರಡನೇ ವರ್ಷವೂ ಹೂ ತುಂಬಿರಬೇಕಾದರೆ

ನರ್ಸರಿಯಿಂದ ತಂದಾಗ ಬುಟ್ಟಿಯ ತುಂಬ ಬಿಳಿ ಹೂ. ಮರುವರ್ಷ ನೋಡಿದರೆ ನಡು ಬೋಳು, ಅಂಚಿನಲ್ಲಿ ಮಾತ್ರ ನಾಲ್ಕು ಹಸಿರು ಕುಡಿ. ಗೊಬ್ಬರ ಸಾಲದೇ ಹೀಗಾಯಿತೇ ಎಂದು ಆಸ್ಟ್ರೇಲಿಯಾದಲ್ಲಿರುವ ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಗೊಬ್ಬರದ ತಪ್ಪು ಇರುವುದು ಅಪರೂಪ. ಸಕಾಲಕ್ಕೆ ಸವರದೇ ಬಿಟ್ಟಿರುತ್ತೀರಿ, ಇಲ್ಲವೇ ಬುಡದಲ್ಲಿ ನೀರು ನಿಂತಿರುತ್ತದೆ. ಬಹುತೇಕ ಗಿಡಗಳು ಹೋಗುವುದು ಈ ಎರಡರಲ್ಲಿ ಒಂದರಿಂದ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮಣ್ಣು ಮತ್ತು ಸವರುವಿಕೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಗಿಡ ಯಾವುದೆಂದು ಗೊತ್ತುಮಾಡಿಕೊಳ್ಳಿ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಎಷ್ಟೋ ಆಸ್ಟ್ರೇಲಿಯಾ ಗಿಡಗಳನ್ನು ಪೇಪರ್ ಡೈಸಿ ಎಂದೇ ಮಾರುತ್ತಾರೆ. ಇಲ್ಲಿ ಹೇಳುತ್ತಿರುವುದು ರೊಡಾಂಥೆ ಆಂಥೆಮಾಯ್ಡಿಸ್ ಬಗ್ಗೆ. ಕ್ಯಾಮೊಮೈಲ್ ಸನ್‌ರೇ ಎಂಬುದು ಅದರ ರೂಢಿಯ ಹೆಸರು. ಹಳೆಯ ಪುಸ್ತಕಗಳಲ್ಲಿ ಹೆಲಿಪ್ಟೆರಮ್ ಎಂದು ಸಿಗುತ್ತದೆ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಟಾಸ್ಮೇನಿಯಾಗಳಲ್ಲಿ, ಅದರಲ್ಲೂ ತಂಪಾದ ಎತ್ತರದ ಹುಲ್ಲುಗಾವಲುಗಳಲ್ಲಿ ತಾನಾಗಿ ಬೆಳೆಯುವ ಬಹುವಾರ್ಷಿಕ ಗಿಡ ಇದು. ತೂಗುಬುಟ್ಟಿಗೆ ಬೇಕಾದ ಇಳಿಬೀಳುವ ತಳಿಯನ್ನು 'ಪೇಪರ್ ಕ್ಯಾಸ್ಕೇಡ್' ಎಂಬ ಹೆಸರಿನಲ್ಲಿ ಮಾರುತ್ತಾರೆ. 20ರಿಂದ 30 ಸೆಂಟಿಮೀಟರ್ ಎತ್ತರವಾಗಿ, ಅರ್ಧ ಮೀಟರಿಗೂ ಮಿಕ್ಕಿ ಹರಡುತ್ತದೆ.

ಹೂವಿನಲ್ಲಿ ದಳದಂತೆ ಕಾಣುವ ಬಿಳಿ ಭಾಗ ದಳವಲ್ಲ, ಬ್ರ್ಯಾಕ್ಟ್. ಅಂದರೆ ಹೂವಿಗೆ ಹೊರಗವಚವಾಗಿ ಇರುವ ಒಣ ಎಲೆ. ಬೆರಳಲ್ಲಿ ಹಿಡಿದರೆ ಚರಪರ ಎನ್ನುತ್ತದೆ. ನಿಜವಾದ ಹೂಗಳು ನಡುವಿನ ಹಳದಿ ಬಿಲ್ಲೆಯಲ್ಲಿ ಒತ್ತೊತ್ತಾಗಿ ಕೂತಿರುವ ಪುಟ್ಟ ಕೊಳವೆಗಳು. ಮೊಗ್ಗಿನ ಹೊರಮೈ ಎಷ್ಟೋ ಸಲ ಕೆಂಪು-ಕಂದು ಬಣ್ಣಕ್ಕಿರುತ್ತದೆ, ಅದು ಒಣಗಿದ ಹೂವಲ್ಲ, ಕತ್ತರಿಸಬೇಡಿ. ಬಿಸಿಲಿಗೆ ಬಿಚ್ಚಿಕೊಳ್ಳುವ ಬ್ರ್ಯಾಕ್ಟುಗಳು ಸಂಜೆಗೆ ಮತ್ತು ಮೋಡ ಕವಿದಾಗ ಮುಚ್ಚಿಕೊಳ್ಳುತ್ತವೆ. ಮಳೆಯ ದಿನ ಬುಟ್ಟಿಯ ಹೂವೆಲ್ಲ ಮುಚ್ಚಿದ್ದರೆ ಗಾಬರಿ ಬೇಡ.

ಇನ್ನೊಂದು ಮಾತು: ಇದು ದಶಕಗಟ್ಟಲೆ ಬಾಳುವ ಗಿಡವಲ್ಲ. ಚೆನ್ನಾಗಿ ನೋಡಿಕೊಂಡರೂ ಎರಡು ಮೂರು ವರ್ಷ ಅಂದವಾಗಿರುತ್ತದೆ, ಆಮೇಲೆ ಕಡ್ಡಿಯಾಗುತ್ತದೆ. ಹಾಗಾಗಿ ಕೊನೆಯ ಹಂತವಾದ ಕುಡಿ ನಾಟಿಯನ್ನು (ಕುಡಿ ಕತ್ತರಿಸಿ ಬೇರೂರಿಸಿ ಹೊಸ ಗಿಡ ಮಾಡುವುದು) 'ಬೇಕಿದ್ದರೆ ಮಾಡೋಣ' ಎಂದು ಬಿಡಬೇಡಿ.

ಏನೇನು ಬೇಕು

ಸಸಿ ಎರಡು ಅಳತೆಯಲ್ಲಿ ಸಿಗುತ್ತದೆ: ಸುಮಾರು 5 ಸೆಂಟಿಮೀಟರ್ ಅಗಲದ ಟ್ಯೂಬಿನಲ್ಲಿ, ಅಥವಾ 140 ಮಿಲಿಮೀಟರ್ ಕುಂಡದಲ್ಲಿ. ನೆಲಕ್ಕಾದರೆ ಟ್ಯೂಬ್ ಸಸಿಯೇ ಮೇಲು. ಅಗ್ಗ, ಬೇಗ ಬೇರೂರುತ್ತದೆ. ಕೊಳ್ಳುವಾಗ ಹೂವನ್ನು ನೋಡಬೇಡಿ, ಬುಡ ನೋಡಿ. ಕೆಳಗಿನ ಎಲೆಗಳು ಬೂದು-ಹಸಿರಾಗಿ ಗಟ್ಟಿಯಾಗಿರಬೇಕು. ಬುಡದ ಎಲೆ ಕಂದಾಗಿ ಮೆತ್ತಗಾಗಿದ್ದರೆ, ಅಥವಾ ಬೇರು ತಳದ ತೂತಿನಿಂದ ಹೊರಬಂದು ಹೆಣೆದುಕೊಂಡಿದ್ದರೆ ಬಿಟ್ಟುಬಿಡಿ.

ಪಾಟಿಂಗ್ ಮಿಕ್ಸ್ (ಕುಂಡ, ಬುಟ್ಟಿಗೆ ತುಂಬುವ ಸಿದ್ಧ ಮಿಶ್ರಣ) ಚೀಲದ ಮೇಲೆ ಆಸ್ಟ್ರೇಲಿಯಾ ಮಾನಕ ಎಎಸ್ 3743 ಎಂದೂ 'ಪ್ರೀಮಿಯಂ' ಎಂದೂ ಇರಲಿ. ಇದರಲ್ಲಿ ಅಗ್ಗದ ಚೀಲಕ್ಕೆ ಹೋದರೆ ಕೆಲವೇ ತಿಂಗಳಲ್ಲಿ ಮಿಶ್ರಣ ಕುಸಿದು ಕೆಸರಾಗುತ್ತದೆ. ಜೊತೆಗೆ ಪರ್ಲೈಟ್ (ಕಾಸಿ ಅರಳಿಸಿದ ಹಗುರವಾದ ಬಿಳಿ ಕಲ್ಲುಹರಳು) ಅಥವಾ ದಪ್ಪ ಮರಳು, ಹರಿತವಾದ ಕತ್ತರಿ, 5ರಿಂದ 7 ಮಿಲಿಮೀಟರ್ ಗಾತ್ರದ ಜಲ್ಲಿ, ನಿಧಾನವಾಗಿ ಕರಗುವ ಗೊಬ್ಬರ.

ಎಚ್ಚರಿಕೆ: ಚೀಲ ಬಿಚ್ಚುವಾಗ ಮುಖವನ್ನು ದೂರ ಹಿಡಿಯಿರಿ. ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ, ಮಿಶ್ರಣಕ್ಕೆ ಸ್ವಲ್ಪ ನೀರು ಚಿಮುಕಿಸಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಪಾಟಿಂಗ್ ಮಿಕ್ಸಿನ ಧೂಳಿನಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚೆ ಎಂಬ ಬ್ಯಾಕ್ಟೀರಿಯಾ ಇರಬಹುದು. ಉಸಿರಿನೊಂದಿಗೆ ಒಳಹೋದರೆ ತೀವ್ರ ನ್ಯುಮೋನಿಯಾ ತರುತ್ತದೆ. ಚೀಲದ ಮೇಲೇ ಇದರ ಸೂಚನೆ ಅಚ್ಚಾಗಿರುತ್ತದೆ. ವಯಸ್ಸಾದವರು, ಧೂಮಪಾನಿಗಳು ವಿಶೇಷವಾಗಿ ಎಚ್ಚರವಾಗಿರಬೇಕು.

1. ಜಾಗ ಮತ್ತು ಕಾಲ

ದಿನಕ್ಕೆ 6 ತಾಸಾದರೂ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಗಿಡ ಸಾಯುವುದಿಲ್ಲ, ಆದರೆ ಉದ್ದುದ್ದ ಬೆಳೆದು ಹೂ ಬಿಡುವುದನ್ನು ಮರೆಯುತ್ತದೆ. ಬಿಸಿಲಿನಷ್ಟೇ ಗಾಳಿಯಾಟವೂ ಮುಖ್ಯ. ಸಿಡ್ನಿ, ಬ್ರಿಸ್ಬೇನಿನಂತಹ ಸೆಕೆಯ ಊರುಗಳಲ್ಲಿ ಗೋಡೆ ಮೂಲೆಗೆ ಒತ್ತರಿಸಿದ ಗಿಡ ಒಳಗಿಂದಲೇ ಕೊಳೆಯುತ್ತದೆ. ಅಲ್ಲಿ ನೆಲಕ್ಕಿಂತ ಬುಟ್ಟಿಯಲ್ಲೋ ಎತ್ತರದ ಪಾತಿಯಂಚಿನಲ್ಲೋ ಬೆಳೆಸುವುದು ಲೇಸು.

ನೆಡಲು ಶರತ್ಕಾಲ, ಅಂದರೆ ಮಾರ್ಚ್‌ನಿಂದ ಮೇ, ಒಳ್ಳೆಯದು. ಮಣ್ಣಿನಲ್ಲಿ ಬೇಸಿಗೆಯ ಕಾವು ಇನ್ನೂ ಇರುತ್ತದೆ, ಮೇಲಿನ ಬಿಸಿಲು ತಗ್ಗಿರುತ್ತದೆ, ಹೂಗಾಲಕ್ಕೆ ಮೊದಲೇ ಬೇರು ಇಳಿಯುತ್ತದೆ. ಕ್ಯಾನ್‌ಬೆರಾದಂತೆ ಬಿರುಹಿಮ (ಫ್ರಾಸ್ಟ್, ರಾತ್ರಿ ಹೆಪ್ಪುಗಟ್ಟುವ ಇಬ್ಬನಿ) ಬೀಳುವ ಕಡೆ ಬೆಳೆದ ಗಿಡ ಹಿಮವನ್ನು ತಾಳಿಕೊಳ್ಳುತ್ತದೆ, ಎಳೆಯ ಟ್ಯೂಬ್ ಸಸಿಗೆ ಕಷ್ಟ. ಅಲ್ಲಿ ಸೆಪ್ಟೆಂಬರ್ ಕೊನೆಯವರೆಗೆ ಕಾಯಿರಿ. ಡಿಸೆಂಬರ್-ಜನವರಿಯಲ್ಲಂತೂ ಎಲ್ಲಿಯೂ ನೆಡಬೇಡಿ.

2. ಮಣ್ಣು

ಇಲ್ಲಿ ತಪ್ಪಿದರೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ. ನೀರು ಬಸಿಯುತ್ತದೆಯೇ ಎಂದು ಮೊದಲು ನೋಡಿ: 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೊಮ್ಮೆ ತುಂಬಿಸಿ ಗಡಿಯಾರ ನೋಡಿ. 4 ತಾಸಾದರೂ ನೀರು ನಿಂತಿದ್ದರೆ ಆ ಜಾಗದಲ್ಲಿ ನೇರವಾಗಿ ನೆಡಬಾರದು. ಮೆಲ್ಬರ್ನಿನ ಪಶ್ಚಿಮ ಭಾಗದ ಜಿಗುಟು ಎರೆಮಣ್ಣಿನಲ್ಲಿ ಇದೇ ತೊಂದರೆ.

ಜಿಪ್ಸಮ್ ಹಾಕಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲ ಜೇಡಿಮಣ್ಣಿಗೂ ಅದು ಕೆಲಸ ಮಾಡುವುದಿಲ್ಲ. ಒಂದು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಡಿಸ್ಟಿಲ್ಡ್ ನೀರು ಹಾಕಿ, ಬಟಾಣಿ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಒಳಗೆ ಬಿಡಿ. ಅಲುಗಾಡಿಸಬೇಡಿ. ಒಂದು ದಿನ ಕಳೆದ ಮೇಲೆ ಹೆಂಟೆಯ ಸುತ್ತ ಹಾಲಿನಂತೆ ಮಬ್ಬು ಹರಡಿದ್ದರೆ ಜಿಪ್ಸಮ್‌ನಿಂದ ಪ್ರಯೋಜನವಿದೆ. ಚದರ ಮೀಟರಿಗೆ ಅರ್ಧದಿಂದ ಒಂದು ಕಿಲೋ ಹಾಕಿ ಅಗೆದು ಬೆರೆಸಿ. ಹೆಂಟೆ ಬರೀ ಪುಡಿಯಾಗಿ ಕೂತು ನೀರು ತಿಳಿಯಾಗಿಯೇ ಇದ್ದರೆ ಜಿಪ್ಸಮ್‌ಗೆ ಹಾಕುವ ದುಡ್ಡು ದಂಡ. ಅದರ ಬದಲು 20ರಿಂದ 30 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ.

ಜೇಡಿಮಣ್ಣಿನಲ್ಲಿ ಗುಂಡಿ ತೋಡಿ ಅದಕ್ಕೆ ಮಾತ್ರ ಸಡಿಲ ಮಿಶ್ರಣ ತುಂಬುವವರಿದ್ದಾರೆ. ಸುತ್ತಲ ನೀರೆಲ್ಲ ಆ ಗುಂಡಿಗೇ ಹರಿದುಬರುತ್ತದೆ, ಗಿಡ ಬಾವಿಯಲ್ಲಿ ಕೂತಂತಾಗುತ್ತದೆ. ಬೇಡ.

ಪರ್ತ್ ಕಡೆಯ ಮರಳುಮಣ್ಣಿನಲ್ಲಿ ತಾಪತ್ರಯ ತಿರುಗುಮುರುಗು: ಬೇಸಿಗೆಯಲ್ಲಿ ಒಣಗಿದ ಮರಳಿನ ಕಣಗಳ ಮೇಲೆ ಮೇಣದಂತಹ ಪದರ ಕೂತು ನೀರು ಮೇಲೇ ಗುಂಡಾಗಿ ಉರುಳಿಹೋಗುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಬೆರೆಸಿ, ನೀರು ಹೀರುವಂತೆ ಮಾಡುವ ವೆಟಿಂಗ್ ಏಜೆಂಟ್ ದ್ರಾವಣವನ್ನು ಲೇಬಲಿನ ಪ್ರಮಾಣದಲ್ಲಿ ಹುಯ್ಯಿರಿ.

3. ನೆಲದಲ್ಲಿ ನೆಡುವುದು

ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಇಡಿ. ಬೇರಿನ ಮುದ್ದೆಯ ಎರಡರಷ್ಟು ಅಗಲ, ಅದರಷ್ಟೇ ಆಳದ ಗುಂಡಿ ಸಾಕು. ಸುತ್ತಿಕೊಂಡ ಬೇರಿದ್ದರೆ ಬೆರಳಿನಿಂದ ಬಿಡಿಸಿ. ಟ್ಯೂಬಿನಲ್ಲಿ ಮಣ್ಣು ಯಾವ ಮಟ್ಟಕ್ಕಿತ್ತೋ ನೆಲದಲ್ಲೂ ಅದೇ ಮಟ್ಟಕ್ಕಿರಲಿ. ಕಾಂಡವನ್ನು ಆಳಕ್ಕೆ ಹೂತರೆ ಬುಡ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ 40ರಿಂದ 50 ಸೆಂಟಿಮೀಟರ್ ಬಿಡಿ. ನೆಟ್ಟ ಕೂಡಲೇ ಪ್ರತಿ ಗಿಡಕ್ಕೂ 2 ಲೀಟರಿನಷ್ಟು ನೀರು ನಿಧಾನವಾಗಿ ಹುಯ್ಯಿರಿ.

ಮೇಲೆ 2ರಿಂದ 3 ಸೆಂಟಿಮೀಟರ್ ಜಲ್ಲಿ ಹರಡಿ. ಮರದ ತೊಗಟೆಯ ಹೊದಿಕೆ ಬೇರೆ ಗಿಡಗಳಿಗೆ ಚೆನ್ನ, ಇದಕ್ಕೆ ಅಷ್ಟಕ್ಕಷ್ಟೆ: ಇಳಿಬಿದ್ದ ಕೊಂಬೆಗಳ ಕೆಳಗೆ ತೇವ ಹಿಡಿದಿಟ್ಟು ಬೂಷ್ಟು ಬರಿಸುತ್ತದೆ. ಜಲ್ಲಿಯ ಮೇಲೆ ಎಲೆಗಳು ಒಣಗಿ ಕೂರುತ್ತವೆ. ತೊಗಟೆಯೇ ಹಾಕುವುದಿದ್ದರೆ ಕಾಂಡದ ಸುತ್ತ ಒಂದು ಅಂಗೈ ಅಗಲ ಖಾಲಿ ಬಿಡಿ.

4. ತೂಗುಬುಟ್ಟಿಯಲ್ಲಿ ನೆಡುವುದು

30 ಸೆಂಟಿಮೀಟರ್ ಬುಟ್ಟಿಗೆ 140 ಮಿಲಿಮೀಟರ್ ಕುಂಡದ ಒಂದು ಗಿಡ, 35ರಿಂದ 40 ಸೆಂಟಿಮೀಟರ್ ಬುಟ್ಟಿಗೆ ಮೂರು ಟ್ಯೂಬ್ ಸಸಿ. ಇದಕ್ಕಿಂತ ಚಿಕ್ಕ ಬುಟ್ಟಿ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೇ ಒಣಗುತ್ತದೆ. ಮಿಶ್ರಣ: 4 ಪಾಲು ಪಾಟಿಂಗ್ ಮಿಕ್ಸ್, 1 ಪಾಲು ಪರ್ಲೈಟ್. ಬುಟ್ಟಿಗೆ ಮರಳು ಬೇಡ, ತೂಕ ಏರುತ್ತದೆ. ನೀರು ಕುಡಿದ ದೊಡ್ಡ ಬುಟ್ಟಿ 10 ಕಿಲೋ ದಾಟಬಹುದು, ಕೊಕ್ಕೆಯನ್ನು ಜಿಪ್ಸಮ್ ಬೋರ್ಡಿಗಲ್ಲ, ಮರದ ತೊಲೆಗೆ ತಿರುಗಿಸಿ.

ತೆಂಗಿನ ನಾರಿನ ಒಳಪದರವಿರುವ ತಂತಿಬುಟ್ಟಿ ಕಣ್ಣಿಗೆ ಚೆಂದ, ಆದರೆ ಎಲ್ಲ ಕಡೆಯಿಂದಲೂ ಆವಿಯಾಗುತ್ತದೆ. ನಾರಿನ ಒಳಬದಿಗೆ ಖಾಲಿ ಪಾಟಿಂಗ್ ಮಿಕ್ಸ್ ಚೀಲವನ್ನು ಹಾಸಿ, ತಳದಲ್ಲಿ ಪೆನ್ಸಿಲ್ ಗಾತ್ರದ ಏಳೆಂಟು ತೂತು ಮಾಡಿ. ಬದಿಯಲ್ಲಿ ತೂತು ಬೇಡ. ಗಿಡಗಳನ್ನು ನಡುವಿನಲ್ಲಿ ಗುಂಪುಗೂಡಿಸದೆ ಅಂಚಿನಿಂದ ನಾಲ್ಕು ಬೆರಳು ಒಳಗೆ, ಸ್ವಲ್ಪ ಹೊರಕ್ಕೆ ವಾಲಿಸಿ ಕೂರಿಸಿ. ಮಿಶ್ರಣದ ಮಟ್ಟ ಅಂಚಿಗಿಂತ 2 ಸೆಂಟಿಮೀಟರ್ ಕೆಳಗಿದ್ದರೆ ನೀರು ಹೊರಗೆ ಚೆಲ್ಲುವುದಿಲ್ಲ.

5. ನೀರು

ನೆಲದ ಗಿಡಕ್ಕೆ ಮೊದಲ ಮೂರು ವಾರ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ಮೊದಲ ಬೇಸಿಗೆ ಮುಗಿಯುವವರೆಗೆ ಮಳೆ ಇಲ್ಲದಿದ್ದರೆ ವಾರಕ್ಕೊಮ್ಮೆ ಚೆನ್ನಾಗಿ. ಬೇರೂರಿದ ಮೇಲೆ ಬರವನ್ನು ಒಂದಿಷ್ಟು ತಡೆದುಕೊಳ್ಳುತ್ತದೆ. ಹಾಗೆಂದು ಇದು ಮರುಭೂಮಿಯ ಗಿಡವಲ್ಲ. 'ನೇಟಿವ್ (ಆಸ್ಟ್ರೇಲಿಯಾ ಮೂಲದ) ಗಿಡಕ್ಕೆ ನೀರೇ ಬೇಡ' ಎಂಬ ಮಾತು ನಂಬಿ ಕಳೆದುಕೊಂಡ ಗಿಡಗಳು ಲೆಕ್ಕವಿಲ್ಲ.

ಬುಟ್ಟಿಗೆ ಬೇಸಿಗೆಯಲ್ಲಿ ದಿನಾ ನೀರು ಬೇಕು. ಬೆರಳನ್ನು 3 ಸೆಂಟಿಮೀಟರ್ ಒಳಗಿಳಿಸಿ ನೋಡಿ: ಒಣಗಿದ್ದರೆ ಹುಯ್ಯಿರಿ, ತೇವವಿದ್ದರೆ ಬಿಡಿ. ಬೆಳಗ್ಗೆಯೇ, ಬುಡಕ್ಕೆ ಮಾತ್ರ. ಸಂಜೆ ಎಲೆಯ ಮೇಲೆ ಹುಯ್ದ ನೀರು ರಾತ್ರಿಯಿಡೀ ಅಲ್ಲೇ ಇರುತ್ತದೆ, ಬೂಷ್ಟಿಗೆ ಅಷ್ಟು ಸಾಕು.

ಬುಟ್ಟಿ ಒಮ್ಮೆ ಪೂರ್ತಿ ಒಣಗಿತೆನ್ನಿ. ಮೇಲಿಂದ ಹುಯ್ದ ನೀರು ಬೇರಿನ ಮುದ್ದೆ ಮತ್ತು ಬುಟ್ಟಿಯ ನಡುವಿನ ಸಂದಿನಿಂದ ಜರ್ರನೆ ಕೆಳಗಿಳಿಯುತ್ತದೆ. ತಳದಿಂದ ನೀರು ಬಂತಲ್ಲ, ಸಾಕು ಎಂದುಕೊಳ್ಳುತ್ತೇವೆ, ಒಳಗೆ ಬೇರು ಒಣಗಿಯೇ ಇರುತ್ತದೆ. ಬುಟ್ಟಿಯನ್ನು ಕೆಳಗಿಳಿಸಿ ಅಗಲವಾದ ಟಬ್ಬಿನಲ್ಲಿ ಅರ್ಧ ತಾಸು ನೆನೆಸುವುದೊಂದೇ ದಾರಿ. ಎತ್ತಿ ನೋಡಿದಾಗ ತೂಕ ಹೆಚ್ಚಿರಬೇಕು.

6. ಗೊಬ್ಬರ

ನಿಧಾನವಾಗಿ ಕರಗುವ ಗೊಬ್ಬರವನ್ನು ವರ್ಷಕ್ಕೊಮ್ಮೆ, ಆಗಸ್ಟ್ ಕೊನೆಗೆ, ಲೇಬಲಿನ ಪ್ರಮಾಣಕ್ಕೆ ಮೀರದಂತೆ ಕೊಡಿ. ಬುಟ್ಟಿಗೆ ಮಾರ್ಚ್‌ನಲ್ಲಿ ಅದರ ಅರ್ಧದಷ್ಟು ಮತ್ತೊಮ್ಮೆ. ಗೊಬ್ಬರದಲ್ಲಿನ ರಂಜಕ ಕಂಡರೆ ಸಾಯುವ ಗಿಡಗಳು ಬ್ಯಾಂಕ್ಸಿಯಾ, ಗ್ರೆವಿಲಿಯಾ ಮುಂತಾದವು. ಡೈಸಿಗಳಿಗೆ ಅಷ್ಟೊಂದು ಸೂಕ್ಷ್ಮತೆ ಇಲ್ಲ. ನೇಟಿವ್ ಗಿಡಗಳ, ಅಂದರೆ ರಂಜಕ ಕಡಿಮೆ ಇರುವ, ಗೊಬ್ಬರ ಕೈಯಲ್ಲಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಅದಕ್ಕಾಗಿ ಅಲೆಯಬೇಡಿ. ಸಾರಜನಕ ಹೆಚ್ಚಾದರೆ ಮಾತ್ರ ತೊಂದರೆ: ಎಲೆ ಸೊಂಪಾಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಹೂ ಕಡಿಮೆಯಾಗಿ ಹೇನು ಮುತ್ತುತ್ತದೆ. ಹಸಿ ಕೋಳಿಗೊಬ್ಬರ ಹತ್ತಿರ ತರಬೇಡಿ.

7. ಚಿವುಟುವುದು, ಸವರುವುದು

ಈ ಗಿಡ ಹೂ ಬಿಡುವುದು ಹೊಸ ಕುಡಿಗಳ ತುದಿಯಲ್ಲಿ. ಸುಮ್ಮನೆ ಬಿಟ್ಟರೆ ಪ್ರತಿ ಕೊಂಬೆಯೂ ತುದಿಯಲ್ಲೇ ಉದ್ದವಾಗುತ್ತ ಹೋಗುತ್ತದೆ, ಬುಡದ ಎಲೆಗಳು ಬೆಳಕಿಲ್ಲದೆ ಉದುರುತ್ತವೆ. ಕಾಂಡ ಬಲಿತು ಕಂದಾದ ಮೇಲೆ ಅಲ್ಲಿಂದ ಮತ್ತೆ ಚಿಗುರುವುದು ತೀರಾ ಅಪರೂಪ. ನಡು ಬೋಳಾಗುವ ಗುಟ್ಟು ಇಷ್ಟೇ. ಬೋಳಾದ ಮೇಲೆ ಮದ್ದಿಲ್ಲ, ಮೊದಲೇ ತಡೆಯಬೇಕು.

ನೆಟ್ಟ ದಿನವೇ ಪ್ರತಿ ಕುಡಿಯ ತುದಿಯನ್ನು 1ರಿಂದ 2 ಸೆಂಟಿಮೀಟರ್ ಚಿವುಟಿ, ಹೂ ಇದ್ದರೂ ಸರಿ. ಮನಸ್ಸು ಒಪ್ಪುವುದಿಲ್ಲ, ಆದರೂ ಚಿವುಟಿ. ಒಂದು ಕುಡಿ ಇದ್ದ ಕಡೆ ಎರಡು ಮೂರು ಬರುತ್ತವೆ. ಆರು ವಾರದ ನಂತರ ಇನ್ನೊಮ್ಮೆ.

ಚಳಿಗಾಲದ ಕೊನೆಯಿಂದ ವಸಂತವಿಡೀ ಹೂ ಇರುತ್ತದೆ. ಬಾಡಿದ ಹೂಗಳನ್ನು ವಾರಕ್ಕೊಮ್ಮೆ ತೆಗೆಯುತ್ತಿರಿ. ಬರೀ ಹೂವಿನ ತಲೆ ಕಿತ್ತರೆ ಒಣ ತೊಟ್ಟುಗಳು ಮುಳ್ಳಿನಂತೆ ನಿಲ್ಲುತ್ತವೆ, ತೊಟ್ಟಿನ ಜೊತೆ ಕೆಳಗಿನ ಎರಡು ಮೂರು ಎಲೆಯವರೆಗೆ ಕತ್ತರಿಸಿ.

ಹೂವಿನ ದೊಡ್ಡ ಅಲೆ ಮುಗಿದ ಕೂಡಲೇ, ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಆರಂಭಕ್ಕೆ, ಇಡೀ ಗಿಡವನ್ನು ಮೂರನೇ ಒಂದು ಭಾಗ ಸವರಿ. ಅಳತೆಯ ಗೊಂದಲ ಬಂದರೆ ಈ ನಿಯಮ ಹಿಡಿಯಿರಿ: ಕತ್ತರಿಸಿದ ಮೇಲೆ ಪ್ರತಿ ಕೊಂಬೆಯಲ್ಲೂ ನಾಲ್ಕು ಬೆರಳಿನಷ್ಟಾದರೂ ಹಸಿರು ಎಲೆಯ ಭಾಗ ಉಳಿದಿರಬೇಕು. ಎಲೆಯಿಲ್ಲದ ಕಡ್ಡಿಗೆ ಇಳಿದು ಕತ್ತರಿಸಿದರೆ ಆ ಕೊಂಬೆ ಹೋದಂತೆ. ಸುಡುಬಿಸಿಲಿನ ಮುನ್ಸೂಚನೆ ಇದ್ದರೆ ಕೆಲಸ ಮುಂದೂಡಿ, ಒಳಗಿದ್ದ ಎಳೆ ಎಲೆಗಳು ಒಂದೇ ಮಧ್ಯಾಹ್ನಕ್ಕೆ ಬೆಂದುಹೋಗುತ್ತವೆ. ಸವರಿದ ದಿನ ಚೆನ್ನಾಗಿ ನೀರು ಕೊಡಿ.

ಫೆಬ್ರವರಿ ಕೊನೆಗೆ ತುದಿಗಳನ್ನಷ್ಟೇ ಇನ್ನೊಂದು ಸಲ ಹಗುರವಾಗಿ. ಹಿಮ ಬೀಳುವ ಊರಿನಲ್ಲಿ ಮೊದಲ ಹಿಮಕ್ಕೆ ಒಂದು ತಿಂಗಳಿರುವಾಗಲೇ ಕತ್ತರಿ ಕೆಳಗಿಡಿ.

8. ಹುಳ, ರೋಗ

ಮೊಗ್ಗಿನ ಕೆಳಗೆ ಹಸಿರು ಹೇನು ಗುಂಪುಗೂಡಿದ್ದರೆ ಬೆಳಗ್ಗೆ ನೀರಿನ ರಭಸದ ಧಾರೆ ಹಿಡಿದು ಉದುರಿಸಿ, ಹೆಚ್ಚಿನ ಸಲ ಅಷ್ಟು ಸಾಕು. ಎಲೆಗಳು ಜೇಡರ ಬಲೆಯಂತಹ ನೂಲಿನಿಂದ ಸುತ್ತಿಕೊಂಡು, ರಾತ್ರೋರಾತ್ರಿ ಕುಡಿ ಮಾಯವಾಗುತ್ತಿದ್ದರೆ ಅದು ಕಂಬಳಿಹುಳು. ಬಹುಶಃ ಆಸ್ಟ್ರೇಲಿಯನ್ ಪೇಂಟೆಡ್ ಲೇಡಿ ಚಿಟ್ಟೆಯ ಮರಿ. ಪೇಪರ್ ಡೈಸಿಗಳು ಅದರ ಆಹಾರ. ಹಗಲು ಅಡಗಿ ರಾತ್ರಿ ತಿನ್ನುತ್ತದೆ. ಟಾರ್ಚ್ ಹಿಡಿದು ಕೈಯಿಂದ ಆರಿಸಬಹುದು. ಗಿಡ ದೊಡ್ಡದಿದ್ದರೆ ಒಂದಿಷ್ಟು ತಿಂದುಕೊಳ್ಳಲಿ ಬಿಡಿ, ಚಿಟ್ಟೆಯೂ ಈ ನೆಲದ್ದೇ.

ಬಸವನಹುಳು ಎಳೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಹರಳು ಮದ್ದು ಹಾಕುವುದಿದ್ದರೆ ಕಬ್ಬಿಣದ ಅಂಶದ್ದನ್ನು ಆರಿಸಿ. ಮೆಟಾಲ್ಡಿಹೈಡ್ ಇರುವ ಹರಳು ನಾಯಿಗಳಿಗೆ ವಿಷ.

ಎಲೆ ಕಂದಾಗಿ, ಮೇಲೆ ಬೂದುಬಣ್ಣದ ಬೂಷ್ಟು ಕಂಡರೆ ಗಾಳಿ ಸಾಲದೆಂದು ಅರ್ಥ. ಕೊಳೆತದ್ದನ್ನು ಕತ್ತರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟಿಗಲ್ಲ. ಮಣ್ಣು ತೇವವಿದ್ದರೂ ಇಡೀ ಗಿಡ ಜೋತುಬಿದ್ದರೆ ಬೇರು ಕೊಳೆತಿದೆ. ಬಾಡಿದೆಯೆಂದು ಇನ್ನಷ್ಟು ನೀರು ಹುಯ್ಯುವುದು ಎಲ್ಲರೂ ಮಾಡುವ ತಪ್ಪು. ಆ ಗಿಡವನ್ನು ಉಳಿಸಲು ಹೆಣಗುವುದಕ್ಕಿಂತ ಇನ್ನೂ ಗಟ್ಟಿಯಾಗಿರುವ ತುದಿಗಳನ್ನು ಕತ್ತರಿಸಿ ಮುಂದಿನ ಹಂತಕ್ಕೆ ಬನ್ನಿ.

9. ಕುಡಿ ನಾಟಿ

ಬೀಜದಿಂದ ಬೆಳೆಸಬಹುದು, ಆದರೆ 'ಪೇಪರ್ ಕ್ಯಾಸ್ಕೇಡ್'ನ ಬೀಜದಿಂದ ಬಂದ ಗಿಡ ಹಾಗೆಯೇ ಇಳಿಬೀಳುತ್ತದೆಂಬ ಭರವಸೆ ಇಲ್ಲ. ತಾಯಿಗಿಡದಂತೆಯೇ ಬೇಕಾದರೆ ಕುಡಿಯನ್ನೇ ಬೇರೂರಿಸಬೇಕು. ಮಾರ್ಚ್-ಏಪ್ರಿಲ್ ಸೂಕ್ತ.

ಹೂ, ಮೊಗ್ಗು ಇಲ್ಲದ ಕುಡಿಗಳನ್ನು ಬೆಳಗ್ಗೆ 5ರಿಂದ 7 ಸೆಂಟಿಮೀಟರ್ ಉದ್ದಕ್ಕೆ, ಗಿಣ್ಣಿನ (ಎಲೆ ಹುಟ್ಟುವ ಜಾಗ) ಸ್ವಲ್ಪ ಕೆಳಗೆ ಕತ್ತರಿಸಿ. ತೀರಾ ಎಳೆಯದು ಬಾಗುತ್ತದೆ, ಬಲಿತದ್ದು ಲಟ್ಟನೆ ಮುರಿಯುತ್ತದೆ. ಬಾಗಿಸಿದರೆ ಪುಟಿದು ನಿಲ್ಲುವಂಥದ್ದು ಬೇಕು. ಕೆಳಗಿನ ಅರ್ಧದ ಎಲೆಗಳನ್ನು ಮೇಲ್ಮುಖವಾಗಿ ಎಳೆಯದೆ, ಒಂದೊಂದಾಗಿ ಕತ್ತರಿಸಿ ತೆಗೆಯಿರಿ. ಎಳೆದರೆ ಸಿಪ್ಪೆ ಸುಲಿದು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

3 ಪಾಲು ಪರ್ಲೈಟ್‌ಗೆ 1 ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ನೆನೆಸಿ, ಕುಂಡಕ್ಕೆ ತುಂಬಿ. ಕಡ್ಡಿಯಿಂದ ತೂತು ಮಾಡಿ ಕುಡಿಯನ್ನು ಇಳಿಸಿ, ಸುತ್ತ ಬೆರಳಿನಿಂದ ಒತ್ತಿ. ಬೇರು ಬರಿಸುವ ಹಾರ್ಮೋನ್ ಪುಡಿ ಇದ್ದರೆ ತುದಿಗೆ ಸೋಕಿಸಿ, ಇಲ್ಲದಿದ್ದರೂ ನಡೆಯುತ್ತದೆ. ಒಂದು ಕುಂಡದಲ್ಲಿ ಎಂಟು ಹತ್ತು ಕುಡಿ ನೆಡಿ; ಎಲ್ಲವೂ ಬದುಕುವುದಿಲ್ಲ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಮೇಲೆ ಕವಚಿ, ನೇರ ಬಿಸಿಲಿಲ್ಲದ ಬೆಳಕಿನ ಜಾಗದಲ್ಲಿಡಿ. ಮುಚ್ಚಳ ತೆಗೆದಿರಲಿ. ದಿನಕ್ಕೊಮ್ಮೆ ಬಾಟಲಿ ಎತ್ತಿ ಹತ್ತು ನಿಮಿಷ ಗಾಳಿ ಆಡಿಸಿ. ಒಳಗೋಡೆಯಲ್ಲಿ ನೀರು ಹನಿಯಾಗಿ ಇಳಿಯುತ್ತಿದ್ದರೆ ತೇವ ಹೆಚ್ಚಾಗಿದೆ.

ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಕುಡಿಯನ್ನು ಎಳೆದು ನೋಡುವ ಚಪಲ ತಡೆದುಕೊಳ್ಳಿ. ತುದಿಯಲ್ಲಿ ಹೊಸ ಎಲೆ ಕಂಡ ಮೇಲೆ ಮೆಲ್ಲಗೆ ಅಲುಗಿಸಿದರೆ ಹಿಡಿತ ಗೊತ್ತಾಗುತ್ತದೆ. ಬಾಟಲಿ ತೆಗೆದು ಒಂದು ವಾರ ಹೊರಗಾಳಿಗೆ ಒಗ್ಗಿಸಿ, ತಲಾ ಒಂದೊಂದು ಟ್ಯೂಬಿಗೆ ಬದಲಿಸಿ, ಮತ್ತೆ ತುದಿ ಚಿವುಟಿ. ಆಗಸ್ಟ್ ಹೊತ್ತಿಗೆ ಬುಟ್ಟಿಗೆ ಸಿದ್ಧ. ಹಳೆಯ ಬುಟ್ಟಿಗೇ ಹಾಕುವುದಾದರೆ ಹಳೆಯ ಮಿಶ್ರಣವನ್ನು ಪೂರ್ತಿ ತೆಗೆದು ಬೇರೆ ಪಾತಿಗೆ ಹರಡಿ, ಹೊಸದು ತುಂಬಿ.

ಲೇಬಲಿನ ಮೇಲೆ ಪಿಬಿಆರ್ ಎಂದಿದ್ದರೆ ಅದು ತಳಿಗಾರನ ಹಕ್ಕಿನ ಗುರುತು. 1994ರ ಪ್ಲಾಂಟ್ ಬ್ರೀಡರ್ಸ್ ರೈಟ್ಸ್ ಕಾಯಿದೆಯ ಪ್ರಕಾರ ಅಂಥ ಗಿಡವನ್ನೂ ನಿಮ್ಮ ಸ್ವಂತ ತೋಟಕ್ಕೆ, ವ್ಯಾಪಾರವಿಲ್ಲದೆ, ಕುಡಿಯಿಂದ ಬೆಳೆಸಿಕೊಳ್ಳಬಹುದು, ಮಾರುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಳೆದ ಗಿಡದಿಂದ ಅನುಮತಿಯಿಲ್ಲದೆ ಕುಡಿಯಾಗಲಿ ಬೀಜವಾಗಲಿ ತರುವುದು ಅಪರಾಧ.

ಒಣಹೂ ಬೇಕೆನ್ನುವವರಿಗೆ

ಬ್ರ್ಯಾಕ್ಟುಗಳು ಬಿಚ್ಚತೊಡಗಿ ನಡುವಿನ ಹಳದಿ ಇನ್ನೂ ಬಿಗಿಯಾಗಿರುವಾಗಲೇ ಕತ್ತರಿಸಿ, ಕೊಯ್ದ ಮೇಲೂ ಅರಳುತ್ತದೆ. ಪೂರ್ತಿ ಅರಳಿದ್ದನ್ನು ಕೊಯ್ದರೆ ನಡುಭಾಗ ಉದುರುತ್ತದೆ. ಇಬ್ಬನಿ ಆರಿದ ಮೇಲೆ ಕೊಯ್ದು, ಎಲೆ ತೆಗೆದು, ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ಕತ್ತಲ ಜಾಗದಲ್ಲಿ ಎರಡು ಮೂರು ವಾರ ತಲೆಕೆಳಗಾಗಿ ನೇತುಹಾಕಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ

ಸೆಕೆ ವಿಪರೀತವಿರುವ ಕರಾವಳಿಯಲ್ಲಿ ಅಥವಾ ಸರಿಪಡಿಸಲಾಗದ ಜೇಡಿಮಣ್ಣಿನಲ್ಲಿ ಈ ಗಿಡದ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಕ್ರೈಸೊಸೆಫಾಲಮ್ ಅಪಿಕ್ಯುಲೇಟಮ್ ನೆಡಿ. 'ಯೆಲ್ಲೋ ಬಟನ್ಸ್' ಎಂದು ಕೇಳಿದರೆ ಕೊಡುತ್ತಾರೆ. ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳಲ್ಲೂ ಕಾಣುವ ಗಟ್ಟಿ ಗಿಡ. ಹೂ ಬಿಳಿಯಲ್ಲ, ಹಳದಿ ಗುಂಡಿಯಂಥದ್ದು. ನೆಲದಡಿಯಿಂದ ಹೊಸ ಚಿಗುರು ಕಳಿಸುವುದರಿಂದ ಚಳಿಗಾಲದ ಕೊನೆಗೆ ಬುಡದ ಹತ್ತಿರದವರೆಗೆ ಸವರಿದರೂ ಮತ್ತೆ ಏಳುತ್ತದೆ. ಹರಡುವ ಮತ್ತು ನೆಟ್ಟಗೆ ನಿಲ್ಲುವ ಎರಡೂ ಬಗೆ ಇವೆ, ಬುಟ್ಟಿಗಾದರೆ ಹರಡುವ ಬಗೆಯೇ ಎಂದು ಲೇಬಲ್ ಓದಿ ಖಚಿತಪಡಿಸಿಕೊಳ್ಳಿ.